ಡ್ರಿಲ್ ಪ್ರೆಸ್‌ನಲ್ಲಿ ಮಾರ್ಟಿಸ್: ದುಂಡು ತೂತು ಯಂತ್ರಕ್ಕೆ, ಚೌಕ ಮೂಲೆ ಉಳಿಗೆ

ಪ್ರಶ್ನೆ: ನನ್ನ ಹತ್ತಿರ ಮೇಜಿನ ಮೇಲಿಡುವ ಚಿಕ್ಕ ಡ್ರಿಲ್ ಪ್ರೆಸ್ ಇದೆ. ಗಟ್ಟಿ ಮರದಲ್ಲಿ ಒಂದು ಟೇಬಲ್ ಮಾಡಲು ಹೊರಟಿದ್ದೇನೆ. ಕಾಲುಗಳು 45 ಮಿ.ಮೀ. ಚೌಕ. ಅಡ್ಡಪಟ್ಟಿ 22 ಮಿ.ಮೀ. ದಪ್ಪ, 90 ಮಿ.ಮೀ. ಅಗಲ. ಕಾಲಿನ ಹೊರಮುಖದಿಂದ 5 ಮಿ.ಮೀ. ಒಳಗೆ ಅಡ್ಡಪಟ್ಟಿ ಕೂರಬೇಕು. ಒಟ್ಟು ಎಂಟು ಮಾರ್ಟಿಸ್ (ಅಡ್ಡಪಟ್ಟಿಯ ತುದಿ ಕೂರಲು ಕಾಲಿನಲ್ಲಿ ತೋಡುವ ಗುಳಿ) ಬೇಕು. ಸಾಮಾನ್ಯ ಡ್ರಿಲ್ ಬಿಟ್ ಹಾಕಿ ತುಂಡು ಮರದಲ್ಲಿ ಮಾಡಿ ನೋಡಿದೆ. ಒಂದು ತೂತು ಪಕ್ಕದ ತೂತಿನೊಳಕ್ಕೆ ಜಾರಿ ಗೋಡೆಯೆಲ್ಲ ಅಂಕುಡೊಂಕಾಯಿತು. ಒಬ್ಬರು ಚೌಕ ಉಳಿಯ ಅಟ್ಯಾಚ್‌ಮೆಂಟ್ ತಗೊಳ್ಳಿ ಅಂತಾರೆ. ಇನ್ನೊಬ್ಬರು ಪಕ್ಕಕ್ಕೆ ಕೊರೆಯುವ ರೌಟರ್ ಬಿಟ್ ಹಾಕಿ ಮರವನ್ನು ಪಕ್ಕಕ್ಕೆ ತಳ್ಳುತ್ತಾ ಹೋದರೆ ಸಾಕು ಅಂತಾರೆ. ಯಾವುದು ಸರಿ?

ಉತ್ತರ: ಮೊದಲು ರೌಟರ್ ಬಿಟ್ ವಿಷಯ ಮುಗಿಸಿಬಿಡೋಣ. ಅದು ಬೇಡ. ಡ್ರಿಲ್ ಪ್ರೆಸ್‌ನ ಬೇರಿಂಗ್‌ಗಳನ್ನು ಮಾಡಿರುವುದು ಮೇಲಿಂದ ಕೆಳಕ್ಕೆ ಒತ್ತುವ ಭಾರಕ್ಕೆ. ಪಕ್ಕದಿಂದ ತಳ್ಳುವ ಭಾರ ಅದರ ಕೆಲಸ ಅಲ್ಲ. ಹೆಚ್ಚಿನ ಯಂತ್ರಗಳಲ್ಲಿ ಚಕ್, ಅಂದರೆ ಬಿಟ್ ಕಚ್ಚಿಕೊಳ್ಳುವ ಭಾಗ, ನಿಂತಿರುವುದು ಬರೀ ಕೋನಾಕಾರದ ಹಿಡಿತದ ಮೇಲೆ, ಸ್ಕ್ರೂ ಇರುವುದಿಲ್ಲ. ಪಕ್ಕದ ಒತ್ತಡ, ಅದರ ಜೊತೆಗೆ ನಡುಕ ಸೇರಿದರೆ ಆ ಹಿಡಿತ ಸಡಿಲವಾಗುತ್ತದೆ. ಆಗ ತಿರುಗುತ್ತಿರುವ ಚಕ್ ಬಿಟ್ ಸಮೇತ ಕಳಚಿ ಕೈ ಹತ್ತಿರ ಬೀಳುತ್ತದೆ. ವೇಗವೂ ಸಾಲದು. 8 ಮಿ.ಮೀ. ರೌಟರ್ ಬಿಟ್ ತನ್ನ ಯಂತ್ರದಲ್ಲಿ ನಿಮಿಷಕ್ಕೆ 20,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅಂದರೆ ಅದರ ಅಂಚು ಸೆಕೆಂಡಿಗೆ ಸುಮಾರು 8 ಮೀಟರ್ ಓಡುತ್ತದೆ. ನಿಮ್ಮ ಡ್ರಿಲ್ ಪ್ರೆಸ್ 3000 ಸುತ್ತು ತಿರುಗಿದರೂ ಅದು ಸೆಕೆಂಡಿಗೆ 1.25 ಮೀಟರ್ ಅಷ್ಟೇ. ಆ ವೇಗದಲ್ಲಿ ಬಿಟ್ ಮರವನ್ನು ಕೊಯ್ಯುವುದಿಲ್ಲ, ಹಿಡಿದು ಎಳೆಯುತ್ತದೆ. ಲೋಹ ಕೊರೆಯುವ ಎಂಡ್ ಮಿಲ್ ಹಾಕಿದರೂ ಇದೇ ಕಥೆ.

ಇನ್ನು ಉಳಿದಿದ್ದು ಎರಡು ದಾರಿ. ಎಂಟೇ ಮಾರ್ಟಿಸ್‌ಗೆ ನಾನಾದರೆ ಅಟ್ಯಾಚ್‌ಮೆಂಟ್ ತರುವುದಿಲ್ಲ. ಸಾಲಾಗಿ ದುಂಡು ತೂತು ಕೊರೆದು, ಗೋಡೆಯನ್ನು ಉಳಿಯಲ್ಲಿ ಸವರಿ ಮುಗಿಸುತ್ತೇನೆ. ನೆಟ್ಟಗೆ, ಒಂದೇ ಆಳಕ್ಕೆ, ಒಂದೇ ಗೆರೆಯಲ್ಲಿ ತೂತು ಹಾಕುವುದರಲ್ಲಿ ಡ್ರಿಲ್ ಪ್ರೆಸ್‌ಗೆ ಸಾಟಿಯಿಲ್ಲ. ಕೈಯಲ್ಲಿ ಮಾರ್ಟಿಸ್ ತೋಡುವಾಗ ಕಷ್ಟವಾಗುವುದೂ ಅದೇ ಅಲ್ವಾ. ಗೋಡೆ ಸವರುವುದು, ಮೂಲೆ ಬಿಡಿಸುವುದು ಉಳಿಗೆ ಸುಲಭದ ಕೆಲಸ.

ನಿಮ್ಮ ತೂತು ಜಾರಿದ್ದಕ್ಕೆ ಕಾರಣ ಬಿಟ್. ಸಾಮಾನ್ಯ ಟ್ವಿಸ್ಟ್ ಬಿಟ್‌ನ ತುದಿ ಮೊಂಡು ಕೋನ. ಮರದ ಎಳೆ ಯಾವ ಕಡೆ ಮೆತ್ತಗಿದೆಯೋ ಆ ಕಡೆಗೆ ಅದು ವಾಲುತ್ತದೆ. ಪಕ್ಕದಲ್ಲಿ ಆಗಲೇ ಒಂದು ತೂತಿದ್ದರಂತೂ ಸೀದಾ ಅದರೊಳಕ್ಕೇ ಹೋಗುತ್ತದೆ. ನಡುವೆ ಚೂಪು ಮೊಳೆಯಂಥ ತುದಿ ಇರುವ ಬ್ರ್ಯಾಡ್ ಪಾಯಿಂಟ್ ಬಿಟ್ ಇಟ್ಟ ಜಾಗದಲ್ಲೇ ನಿಲ್ಲುತ್ತದೆ. ಆದರೆ ಆ ಚೂಪು ತುದಿಗೆ ಕೆಳಗೆ ಗಟ್ಟಿ ಮರ ಸಿಗಬೇಕು. ತೂತಿನ ಮೇಲೆ ತೂತು ಹಾಕಲು ಹೋದರೆ ಇದೂ ಜಾರುತ್ತದೆ. ಫಾರ್ಸ್ಟ್ನರ್ ಬಿಟ್ ಹಾಗಲ್ಲ. ಅದಕ್ಕೆ ದಾರಿ ತೋರಿಸುವುದು ಸುತ್ತಲಿನ ಅಂಚು. ಅರ್ಧ ತೂತಿನ ಮೇಲೆ ಇಟ್ಟರೂ ನೆಟ್ಟಗೆ ಇಳಿಯುತ್ತದೆ.

ಹಾಗಾದರೆ ಎಲ್ಲವನ್ನೂ ಫಾರ್ಸ್ಟ್ನರ್‌ನಲ್ಲೇ ಕೊರೆಯಬಾರದೇಕೆ? ದೊಡ್ಡ ಅಳತೆಗೆ ಸರಿ. 8 ಮಿ.ಮೀ. ಚಿಕ್ಕದು, ನಿಮ್ಮ ಮಾರ್ಟಿಸ್ ಆಳವಾದದ್ದು. ಚಿಕ್ಕ ಫಾರ್ಸ್ಟ್ನರ್ ಬಿಟ್‌ಗೆ ಹೊಟ್ಟನ್ನು ಮೇಲೆ ತರುವ ಸುರುಳಿಯೇ ಇರುವುದಿಲ್ಲ. ಆಳಕ್ಕೆ ಹೋದಂತೆ ಹೊಟ್ಟು ಒಳಗೇ ಗಿಡಿದು, ಬಿಸಿಯಾಗಿ, ಮರ ಕರಕಲಾಗಿ, ಬಿಟ್ ಮೊಂಡಾಗುತ್ತದೆ. ಹಾಗಾಗಿ ಮುಖ್ಯ ತೂತುಗಳನ್ನು ಬ್ರ್ಯಾಡ್ ಪಾಯಿಂಟ್‌ನಲ್ಲಿ ಹಾಕಿ. ನಡುವೆ ಉಳಿಯುವ ತೆಳು ಗೋಡೆಗಳನ್ನು ತೆಗೆಯಲು ಮಾತ್ರ ಫಾರ್ಸ್ಟ್ನರ್ ಬಳಸಿ. ಅದು ಇಲ್ಲದಿದ್ದರೂ ನಡೆಯುತ್ತದೆ. ಆ ತೆಳು ಗೋಡೆ ಉಳಿಯಲ್ಲೂ ಹೋಗುತ್ತದೆ.

ಈಗ ಅಳತೆ. ಟೆನನ್, ಅಂದರೆ ಮಾರ್ಟಿಸ್ ಒಳಗೆ ಕೂರುವ ಅಡ್ಡಪಟ್ಟಿಯ ನಾಲಿಗೆ, ಅದರ ದಪ್ಪ ಅಡ್ಡಪಟ್ಟಿಯ ಮೂರನೇ ಒಂದು ಭಾಗದ ಸುತ್ತ ಇರಲಿ ಅನ್ನುವುದು ಹಳೆಯ ಲೆಕ್ಕ. 22ರ ಮೂರನೇ ಒಂದು ಅಂದರೆ 7.3. ಆ ಅಳತೆಯ ಬಿಟ್ ಹುಡುಕಬೇಡಿ, 8 ಮಿ.ಮೀ. ತಗೊಳ್ಳಿ. ಮಾರ್ಟಿಸ್ ಮೊದಲು ಮಾಡಿ, ಟೆನನ್ ಆಮೇಲೆ. ಬಿಟ್‌ನ ಅಳತೆ ಬದಲಾಗುವುದಿಲ್ಲ. ಟೆನನ್ ಅನ್ನು ಬೇಕಾದಷ್ಟು ಸವರಬಹುದು.

90 ಮಿ.ಮೀ. ಅಗಲದಲ್ಲಿ ಮೇಲೆ 12, ಕೆಳಗೆ 10 ಬಿಟ್ಟರೆ ಮಾರ್ಟಿಸ್ ಉದ್ದ 68 ಮಿ.ಮೀ. ಮೇಲೆ ಬಿಟ್ಟ 12 ಮಿ.ಮೀ. ಬೇಕೇಬೇಕು. ಇಲ್ಲದಿದ್ದರೆ ಮಾರ್ಟಿಸ್ ಕಾಲಿನ ತುದಿಗೆ ಬಾಯಿ ತೆರೆದುಕೊಳ್ಳುತ್ತದೆ. ಇನ್ನೊಂದು ಮಾತು, ಕಾಲುಗಳನ್ನು ಈಗಲೇ ಸರಿಯಾದ ಉದ್ದಕ್ಕೆ ಕತ್ತರಿಸಬೇಡಿ. ಮೇಲ್ತುದಿಯಲ್ಲಿ 20 ಮಿ.ಮೀ. ಜಾಸ್ತಿ ಇರಲಿ. ಉಳಿ ಹೊಡೆಯುವಾಗ, ಟೆನನ್ ಹಾಕಿ ತೆಗೆದು ನೋಡುವಾಗ ತುದಿ ಸೀಳುವುದಿಲ್ಲ. ಅಂಟು ಒಣಗಿದ ಮೇಲೆ ಕತ್ತರಿಸಿದರಾಯಿತು.

ಆಳದ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ಒಂದೇ ಕಾಲಿಗೆ ಎರಡು ಮಾರ್ಟಿಸ್, ಎರಡು ಒಳಮುಖಗಳಿಂದ. ಅಡ್ಡಪಟ್ಟಿ 5 ಮಿ.ಮೀ. ಒಳಗೆ ಕೂತರೆ ಅದರ ನಡುಗೆರೆ ಹೊರಮುಖದಿಂದ 16 ಮಿ.ಮೀ. ದೂರ. ಅಂದರೆ ಮಾರ್ಟಿಸ್ ಇರುವುದು ಹೊರಮುಖದಿಂದ 12ರಿಂದ 20 ಮಿ.ಮೀ. ನಡುವೆ. ಅದನ್ನೇ ಎದುರಿನ ಒಳಮುಖದಿಂದ ಅಳೆದರೆ 25ರಿಂದ 33. ಹಾಗಾಗಿ ಒಂದು ಮಾರ್ಟಿಸ್ 25 ಮಿ.ಮೀ. ಆಳಕ್ಕೆ ಹೋದ ಕೂಡಲೇ ಇನ್ನೊಂದರ ಗೋಡೆ ಮುಟ್ಟುತ್ತದೆ. 24ಕ್ಕೆ ನಿಲ್ಲಿಸಿದರೆ ನಡುವೆ 1 ಮಿ.ಮೀ. ಮರ ಉಳಿಯುತ್ತದೆ. ಅದು ಇದ್ದೂ ಇಲ್ಲದ ಹಾಗೆ. ನನ್ನ ಮಾತು ಕೇಳಿದರೆ ಎರಡೂ ಒಳಗೆ ಸೇರಲಿ ಬಿಡಿ. 32 ಮಿ.ಮೀ. ಆಳಕ್ಕೆ ಕೊರೆಯಿರಿ. ಟೆನನ್ 30 ಮಿ.ಮೀ. ಉದ್ದ ಮಾಡಿ, ತುದಿಗಳನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸಿ. ಉದ್ದ ಟೆನನ್ ಅಂದರೆ ಅಂಟಿಗೆ ಜಾಸ್ತಿ ಜಾಗ. ಉಳಿದ 2 ಮಿ.ಮೀ. ಹೆಚ್ಚುವರಿ ಅಂಟು ಕೂರುವುದಕ್ಕೆ.

ಕಾಲಿನ ಎರಡು ಹೊರಮುಖಗಳಿಗೆ ಪೆನ್ಸಿಲ್ ಗುರುತು ಹಾಕಿ. ಎಂಟೂ ಮಾರ್ಟಿಸ್‌ಗೆ ಒಂದೇ ನಿಯಮ. ಗುರುತಿನ ಒಂದು ಮುಖ ಯಂತ್ರದ ಟೇಬಲ್ ಮೇಲೆ, ಗುರುತಿನ ಇನ್ನೊಂದು ಮುಖ ಹಿಂದೆ ಆಸರೆಯಾಗಿ ನಿಲ್ಲಿಸುವ ಪಟ್ಟಿಯಾದ ಫೆನ್ಸ್‌ಗೆ ತಾಗಿ, ಗುರುತಿಲ್ಲದ ಮುಖ ಮೇಲೆ. ಹೀಗೆ ಮಾಡಿದರೆ ಫೆನ್ಸ್ ಅನ್ನು ಒಮ್ಮೆ ಕೂರಿಸಿದರೆ ಎಲ್ಲಕ್ಕೂ ಆಯಿತು. ಮರ ಅರ್ಧ ಮಿ.ಮೀ. ಹೆಚ್ಚು ಕಮ್ಮಿ ದಪ್ಪ ಇದ್ದರೂ ಹೊರಗಿನಿಂದ ಅಳತೆ ಒಂದೇ ಬರುತ್ತದೆ. ಗಮನಿಸಬೇಕಾದ್ದು ಇಷ್ಟೇ: ಒಂದು ಮಾರ್ಟಿಸ್‌ಗೆ ಕಾಲಿನ ಮೇಲ್ತುದಿ ಎಡಕ್ಕೆ ಬಂದರೆ, ಅದೇ ಕಾಲಿನ ಇನ್ನೊಂದಕ್ಕೆ ಬಲಕ್ಕೆ ಬರುತ್ತದೆ. ಕಾಲಿನ ತುದಿ ತಾಗಿ ನಿಲ್ಲುವ ಸ್ಟಾಪ್ ಬ್ಲಾಕ್ ಬಳಸುವುದಾದರೆ ಅದನ್ನು ಒಂದು ಕಡೆ ಇಟ್ಟು ನಾಲ್ಕು ಕಾಲಿನ ಒಂದೊಂದು ಮಾರ್ಟಿಸ್ ಮುಗಿಸಿ. ಆಮೇಲೆ ಇನ್ನೊಂದು ಕಡೆಗೆ ಬದಲಿಸಿ.

ಕೊರೆಯುವ ಮೊದಲು ಯಂತ್ರದ ಟೇಬಲ್ ಬಿಟ್‌ಗೆ ಲಂಬವಾಗಿದೆಯೇ ನೋಡಿ. ಪ್ಲಗ್ ಕಿತ್ತಿಡಿ. ಒಂದು ಗಟ್ಟಿ ತಂತಿಯನ್ನು ಬಗ್ಗಿಸಿ ಚಕ್‌ಗೆ ಕಚ್ಚಿಸಿ. ಅದರ ತುದಿ ನಡುವಿನಿಂದ ದೂರದಲ್ಲಿ ಟೇಬಲನ್ನು ಸವರುವಂತಿರಲಿ. ಚಕ್ಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ. ತುದಿ ಎಲ್ಲ ಕಡೆಯೂ ಒಂದೇ ಸಮ ಸವರಿದರೆ ಟೇಬಲ್ ಸರಿಯಿದೆ. ಎಡಕ್ಕೆ ತಾಗಿ ಬಲಕ್ಕೆ ಸಂದು ಬಿಟ್ಟರೆ ಟೇಬಲ್ಲಿನ ಬೋಲ್ಟ್ ಸಡಿಲಿಸಿ ಸರಿಮಾಡಿ. ಮುಂದೆ ಹಿಂದೆ ವ್ಯತ್ಯಾಸ ಇದ್ದರೆ ಟೇಬಲ್ ಮೇಲೆ ಹಾಕುವ ಹಲಗೆಯ ಕೆಳಗೆ ತೆಳು ಕಾಗದ ಕೊಟ್ಟು ಸರಿಪಡಿಸಬೇಕು. ಇದಕ್ಕೆ ಐದು ನಿಮಿಷ ಸಾಕು, ಆದರೆ ಹೆಚ್ಚಿನವರು ಬಿಡುವುದೂ ಇದನ್ನೇ. ಆಮೇಲೆ ಟೇಬಲ್ ಜೋಡಿಸುವಾಗ ಅಡ್ಡಪಟ್ಟಿ ತಿರುಚಿಕೊಂಡಂತೆ ಕಂಡು ಟೆನನ್ ಮೇಲೆ ಅನುಮಾನ ಪಡುತ್ತಾರೆ.

ಫೆನ್ಸ್‌ಗೆ ನೇರವಾಗಿ ಹತ್ರಿ ಹೊಡೆದ ಒಂದು ಪಟ್ಟಿ, ಎರಡು ಕ್ಲ್ಯಾಂಪ್ ಸಾಕು. ದುಂಡು ಬಿಟ್ ಆದ್ದರಿಂದ ಫೆನ್ಸ್ ಟೇಬಲ್ಲಿನ ಅಂಚಿಗೆ ಸಮಾನಾಂತರ ಇರಬೇಕೆಂದೇನಿಲ್ಲ. ಸೊಟ್ಟಗೆ ನಿಂತರೂ ಮರ ಅದರ ಗುಂಟವೇ ಜಾರುತ್ತದೆ. ಬಿಟ್‌ನಿಂದ ಅದಕ್ಕಿರುವ ದೂರ ಮಾತ್ರ ಮುಖ್ಯ. ನಡುಗೆರೆ 16, ಬಿಟ್‌ನ ಅರ್ಧ 4. ಹಾಗಾಗಿ ಫೆನ್ಸ್‌ಗೂ ಬಿಟ್‌ನ ಹೊರ ಅಂಚಿಗೂ ನಡುವೆ 12 ಮಿ.ಮೀ. ಸ್ಕೇಲ್ ಇಟ್ಟು ಕಣ್ಣು ಕಿರಿದು ಮಾಡಿ ನೋಡುವುದಕ್ಕಿಂತ 12 ಮಿ.ಮೀ. ಡ್ರಿಲ್ ಬಿಟ್‌ನ ನುಣುಪು ಹಿಡಿಕೆಯನ್ನು ನಡುವೆ ತೂರಿಸಿ ನೋಡಿ. ಬೆರಳಿಗೇ ಗೊತ್ತಾಗುತ್ತದೆ. ಫೆನ್ಸ್‌ನ ಕೆಳ ಅಂಚನ್ನು ಸ್ವಲ್ಪ ಓರೆ ಮಾಡಿ. ಇಲ್ಲದಿದ್ದರೆ ಹೊಟ್ಟು ಅಲ್ಲಿ ಸೇರಿಕೊಂಡು ಕಾಲನ್ನು ಮುಂದಕ್ಕೆ ತಳ್ಳುತ್ತದೆ. ಅರ್ಧ ಮಿ.ಮೀ. ಹೊಟ್ಟು ಸೇರಿದರೂ ಗೋಡೆಯಲ್ಲಿ ಮೆಟ್ಟಿಲು ಬೀಳುತ್ತದೆ. ಪಕ್ಕದಲ್ಲಿ ಒಂದು ಬ್ರಷ್ ಇರಲಿ. ಬಾಯಲ್ಲಿ ಊದಬೇಡಿ, ಕಣ್ಣಿಗೇ ಬರುತ್ತದೆ.

ಮಾರ್ಟಿಸ್‌ನ ಎರಡು ಉದ್ದ ಗೆರೆಗಳನ್ನು ಮಾರ್ಕಿಂಗ್ ಗೇಜ್‌ನಲ್ಲೇ ಎಳೆಯಿರಿ, ಪೆನ್ಸಿಲ್ ಬೇಡ. ಆ ಸಣ್ಣ ಗೀರು ಆಮೇಲೆ ಉಳಿಯ ಬಾಯಿಗೆ ಕೂರುವ ಜಾಗವಾಗುತ್ತದೆ.

ಇನ್ನು ಕೊರೆಯುವುದು. ಎರಡೂ ತುದಿಯ ತೂತು ಮೊದಲು. ತುದಿಗೆರೆಯಿಂದ 4 ಮಿ.ಮೀ. ಒಳಗೆ ಅದರ ನಡು. 68 ಮಿ.ಮೀ. ಉದ್ದದಲ್ಲಿ ಎರಡು ನಡುಗಳ ಅಂತರ 60 ಬರುತ್ತದೆ. 10 ಮಿ.ಮೀ.ಗೆ ಒಂದರಂತೆ ಹಾಕಿದರೆ ಒಟ್ಟು 7 ತೂತು. ಪ್ರತಿ ಎರಡರ ನಡುವೆ 2 ಮಿ.ಮೀ. ಗೋಡೆ ಉಳಿಯುತ್ತದೆ. ಬ್ರ್ಯಾಡ್ ಪಾಯಿಂಟ್ ಎಲ್ಲೂ ಜಾರಲು ಜಾಗವಿಲ್ಲ. ವೇಗ ನಿಮಿಷಕ್ಕೆ 1000ದಿಂದ 1500 ಸುತ್ತು ಇರಲಿ. ಬೇಕಾದ ಆಳಕ್ಕೆ ಬಿಟ್ ಅನ್ನು ತಡೆಯುವ ಡೆಪ್ತ್ ಸ್ಟಾಪ್ ಬಿಗಿ ಮಾಡಿ. ಸ್ವಲ್ಪ ಇಳಿಸಿ, ಬಿಟ್ ಮೇಲೆತ್ತಿ ಹೊಟ್ಟು ಬಿಡಿಸಿ, ಮತ್ತೆ ಇಳಿಸಿ. ಹಿಡಿಯ ಮೇಲೆ ಭಾರ ಹಾಕಬೇಡಿ. ಚಿಕ್ಕ ಯಂತ್ರದಲ್ಲಿ ಜೋರಾಗಿ ಒತ್ತಿದರೆ ಟೇಬಲ್ಲಿನ ಮುಂಭಾಗ ಬಗ್ಗುತ್ತದೆ. ಆಗ ಎಷ್ಟು ಚೆನ್ನಾಗಿ ಲಂಬ ಮಾಡಿಟ್ಟಿದ್ದರೂ ತೂತು ವಾಲುತ್ತದೆ.

ಮರ ಹಿಡಿಯುವ ಬಗ್ಗೆ ಒಂದು ಮಾತು. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಬಿಟ್ ಮರವನ್ನು ಕಚ್ಚಿದರೆ ನಿಮ್ಮ ಎಡಗಡೆಯ ತುದಿ ಫೆನ್ಸ್ ಕಡೆಗೆ ಹೋಗುತ್ತದೆ, ಬಲಗಡೆಯ ತುದಿ ನಿಮ್ಮ ಹೊಟ್ಟೆಯ ಕಡೆಗೆ ಬರುತ್ತದೆ. ಎಡ ತುದಿಯನ್ನು ಫೆನ್ಸೇ ತಡೆಯುತ್ತದೆ. ಕ್ಲ್ಯಾಂಪ್ ಬೇಕಾದ್ದು ಬಲಕ್ಕೆ. ಉದ್ದ ಕಾಲಾದರೆ ಹೊರಚಾಚಿದ ತುದಿಗೆ ಟೇಬಲ್ಲಿನ ಎತ್ತರಕ್ಕೇ ಒಂದು ಆಸರೆ ಕೊಡಿ. ಕೈಗವಸು ಬೇಡ, ಸಡಿಲ ತೋಳು ಬೇಡ. ಕನ್ನಡಕ ಇರಲಿ. ಚಕ್ ಕೀಲಿಯನ್ನು ಚಕ್‌ನಲ್ಲೇ ಬಿಟ್ಟು ಸ್ವಿಚ್ ಒತ್ತಬೇಡಿ.

ಏಳು ತೂತು ಆದ ಮೇಲೆ ಫಾರ್ಸ್ಟ್ನರ್ ಹಾಕಿ ನಡುವಿನ ಗೋಡೆಗಳನ್ನು ತೆಗೆಯಿರಿ. ಬಿಟ್ ಬದಲಿಸಿದಾಗ ಡೆಪ್ತ್ ಸ್ಟಾಪ್ ಮತ್ತೆ ಹೊಂದಿಸಲು ಮರೆಯಬೇಡಿ. ಈಗ ತೂತುಗಳ ನಡುವಿನ ಅಂತರ 5 ಮಿ.ಮೀ. ಆಯಿತು. ಬದಿಯ ಗೋಡೆಯಲ್ಲಿ ಉಳಿಯುವ ಏಣು ಸುಮಾರು 0.9 ಮಿ.ಮೀ. ಇನ್ನೊಂದು ಸಲ ನಡುನಡುವೆ ಇಳಿಸಿ ಅಂತರವನ್ನು 2.5ಕ್ಕೆ ತಂದರೆ ಏಣು 0.2 ಮಿ.ಮೀ.ಗೆ ಇಳಿಯುತ್ತದೆ. ಆಮೇಲೆ ಉಳಿಗೆ ಕೆಲಸವೇ ಇಲ್ಲ ಅನ್ನುವಷ್ಟು. ಇಷ್ಟು ತಾಳ್ಮೆ ಬೇಕೇ ಬೇಡವೇ ನೀವೇ ನೋಡಿ. ನನಗಂತೂ 0.9 ಮಿ.ಮೀ. ಏಣನ್ನು ಉಳಿಯಲ್ಲಿ ಸವರುವುದೇ ಬೇಗ ಆಗುತ್ತದೆ.

ಅದೇ ಕಾಲಿನ ಎರಡನೇ ಮಾರ್ಟಿಸ್ ಕೊರೆಯುವಾಗ 25 ಮಿ.ಮೀ. ದಾಟಿದ ಕೂಡಲೇ ಬಿಟ್ ಮೊದಲನೆಯದರ ಟೊಳ್ಳಿಗೆ ಬೀಳುತ್ತದೆ. ಆಗ ತುದಿಗೆ ಹಿಡಿತ ತಪ್ಪುತ್ತದೆ, ಒಳಗೋಡೆಯ ಅಂಚು ಕಿತ್ತುಬರುತ್ತದೆ. ಮೊದಲ ಮಾರ್ಟಿಸ್‌ನೊಳಗೆ ಬಿಗಿಯಾಗಿ ಕೂರುವ ಒಂದು ತುಂಡು ಮರ ತುರುಕಿ, ಆಮೇಲೆ ಎರಡನೆಯದನ್ನು ಕೊರೆಯಿರಿ. ಮುಗಿದ ಮೇಲೆ ಕಿತ್ತು ಬಿಸಾಡಿ.

ಗೋಡೆ ಸವರಲು ಅಗಲವಾದ ಉಳಿ, 25 ಮಿ.ಮೀ. ಇದ್ದರೆ ಒಳ್ಳೆಯದು. ಚಪ್ಪಟೆ ಬೆನ್ನು ಗೋಡೆಯ ಕಡೆಗಿರಲಿ. ಬಾಯಿಯನ್ನು ಗೇಜ್ ಗೀರಿನಲ್ಲಿ ಕೂರಿಸಿ. ಕೊಡತಿ ಬೇಡ, ಭುಜದ ಭಾರದಲ್ಲಿ ನೆಟ್ಟಗೆ ಕೆಳಕ್ಕೆ ಒತ್ತಿ. ಏಣುಗಳು ಸಣ್ಣ ಕಡ್ಡಿಗಳಂತೆ ಒಂದೊಂದಾಗಿ ಕಳಚುತ್ತವೆ. ಸ್ವಲ್ಪ ಸವರಿದ ಮೇಲೆ ತೂತುಗಳ ಬಳಿಯ ಗೋಡೆಯೇ ಉಳಿಯ ಬೆನ್ನಿಗೆ ದಾರಿ ತೋರಿಸುತ್ತದೆ, ವಾಲುವ ಭಯ ಇರುವುದಿಲ್ಲ. ಹರಿತ ಇಲ್ಲದ ಉಳಿಯಾದರೆ ಏಣನ್ನು ಸವರದೆ ನಜ್ಜಿಬಿಡುತ್ತದೆ. ಆಗ ಸಾಣೆ ಕಲ್ಲಿಗೆ ಹೋಗಿ, ಜೋರಾಗಿ ಒತ್ತಲು ಹೋಗಬೇಡಿ. ತುದಿಗಳಿಗೆ 6 ಮಿ.ಮೀ. ಉಳಿ ಹಿಡಿಯಿರಿ. 8 ಮಿ.ಮೀ. ಉಳಿ 8 ಮಿ.ಮೀ. ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ.

ತುದಿಗಳನ್ನು ಚೌಕ ಮಾಡಲೇಬೇಕೆಂದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಈ ಜೋಡಣೆಯಲ್ಲಿ ಅಂಟಿನ ಬಲ ಬರುವುದು ಟೆನನ್‌ನ ಎರಡು ಅಗಲ ಮುಖಗಳಿಂದ. ಅಲ್ಲಿ ಎರಡೂ ಕಡೆ ಎಳೆಯ ಉದ್ದದ ಮೈ ಇರುತ್ತದೆ. ಮಾರ್ಟಿಸ್‌ನ ಎರಡು ತುದಿಗಳಲ್ಲಿ ಎಳೆ ಕತ್ತರಿಸಿದ ಬಾಯಿ. ಅದು ಅಂಟನ್ನು ಹೀರಿಕೊಳ್ಳುತ್ತದೆ, ಹಿಡಿದುಕೊಳ್ಳುವುದು ಕಮ್ಮಿ. ಹಾಗಾಗಿ ತುದಿ ದುಂಡಗೇ ಇರಲಿ ಬಿಡಿ. ಟೆನನ್‌ನ ನಾಲ್ಕು ಅಂಚನ್ನು ಅರದಲ್ಲಿ ದುಂಡು ಮಾಡಿದರೆ ಆಯಿತು. ಹೊರಗೆ ಶೋಲ್ಡರ್, ಅಂದರೆ ಟೆನನ್ ಸುತ್ತ ಕಾಲಿಗೆ ತಾಗಿ ಕೂರುವ ಅಡ್ಡಪಟ್ಟಿಯ ಮೆಟ್ಟಿಲು, ಮುಚ್ಚಿಕೊಳ್ಳುತ್ತದೆ, ಯಾರಿಗೂ ಕಾಣುವುದಿಲ್ಲ. ಟೆನನ್ ಕಾಲಿನಿಂದ ಹೊರಗೆ ಬಂದು ಕಾಣುವ ಜೋಡಣೆಯಾದರೆ ಮಾತ್ರ ಚೌಕ ಮಾಡಿ.

ಈಗ ಆ ಅಟ್ಯಾಚ್‌ಮೆಂಟ್ ವಿಷಯ. ಅದು ಕೆಟ್ಟದ್ದೇನಲ್ಲ. ಟೊಳ್ಳಾದ ಚೌಕ ಉಳಿ, ಅದರೊಳಗೆ ತಿರುಗುವ ಬೈರಿಗೆ ಬಿಟ್. ಬಿಟ್ ನಡುವಿನ ಮರ ತೆಗೆಯುತ್ತದೆ. ಉಳಿ ತಿರುಗುವುದಿಲ್ಲ, ನಾಲ್ಕು ಮೂಲೆಯನ್ನು ಬರೀ ಒತ್ತಡದಲ್ಲಿ ಕತ್ತರಿಸುತ್ತದೆ. ತೊಂದರೆ ಇರುವುದು ಆ ಒತ್ತಡದಲ್ಲೇ. ಮಾರ್ಟಿಸ್‌ಗೆಂದೇ ಮಾಡಿದ ಯಂತ್ರಕ್ಕೆ ಉದ್ದ ಹಿಡಿ, ದಪ್ಪ ಕಂಬ ಇರುತ್ತದೆ. ನಿಮ್ಮ ಚಿಕ್ಕ ಡ್ರಿಲ್ ಪ್ರೆಸ್‌ನಲ್ಲಿ ಗಟ್ಟಿ ಮರಕ್ಕೆ ಅಷ್ಟು ಒತ್ತಿದರೆ ಮೊದಲು ಬಗ್ಗುವುದು ಟೇಬಲ್. ಬಳಸುವುದೇ ಆದರೆ ಯಂತ್ರದ ಬುಡದಿಂದ ಟೇಬಲ್ಲಿನ ಕೆಳಗೆ ಒಂದು ಮರದ ಊರುಗೋಲು ಕೊಡಿ. ತುಂಬಾ ವ್ಯತ್ಯಾಸ ಆಗುತ್ತದೆ.

ಅದರಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಜೋಡಿಸುವಾಗ. ಬಿಟ್‌ನ ತುದಿ ಉಳಿಯ ಬಾಯಿಗೆ ತಾಗಿಕೊಂಡಿದ್ದರೆ ಎರಡೂ ಉಜ್ಜಿ, ಕಿರುಚಿ, ನೀಲಿಗಟ್ಟುತ್ತವೆ. ನಡುವೆ 1ರಿಂದ 1.5 ಮಿ.ಮೀ. ಸಂದು ಬೇಕು. ಇದಕ್ಕೆ ಒಂದು ನಾಣ್ಯ ಸಾಕು. ಉಳಿಯ ಕಾಲರ್ ಮತ್ತು ಹೋಲ್ಡರ್ ನಡುವೆ ನಾಣ್ಯ ಇಟ್ಟು ಉಳಿಯನ್ನು ಬಿಗಿ ಮಾಡಿ. ಬಿಟ್ ಅನ್ನು ಮೇಲಕ್ಕೆ, ಉಳಿಯ ಬಾಯಿಗೆ ತಾಗುವವರೆಗೆ ಒತ್ತಿ ಚಕ್ ಬಿಗಿಯಿರಿ. ಈಗ ಉಳಿಯನ್ನು ಸಡಿಲಿಸಿ ನಾಣ್ಯ ತೆಗೆದು, ಉಳಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಮತ್ತೆ ಬಿಗಿ ಮಾಡಿ. ನಾಣ್ಯದ ದಪ್ಪದಷ್ಟೇ ಸಂದು ಸಿಗುತ್ತದೆ.

ಇಲ್ಲಿ ಫೆನ್ಸ್ ಸೊಟ್ಟಗಿದ್ದರೆ ನಡೆಯುವುದಿಲ್ಲ. ಉಳಿಯ ಮುಖ ಫೆನ್ಸ್‌ಗೆ ಸಮಾನಾಂತರ ಇರಬೇಕು. ಸ್ವಲ್ಪ ತಿರುಗಿದ್ದರೂ ಗೋಡೆಯಲ್ಲಿ ಗರಗಸದ ಹಲ್ಲಿನಂತೆ ಸಾಲು ಮೂಡುತ್ತದೆ. ಫೆನ್ಸನ್ನು ಉಳಿಯ ಬೆನ್ನಿಗೆ ತಂದು ತಾಗಿಸಿ, ಬೆಳಕಿನ ಗೆರೆ ಕಾಣದ ಹಾಗೆ ಉಳಿಯನ್ನು ತಿರುಗಿಸಿ ಬಿಗಿ ಮಾಡಿ. ಆಮೇಲೆ ಫೆನ್ಸನ್ನು ಹಾಗೇ ಸಮಾನಾಂತರವಾಗಿ ಹಿಂದಕ್ಕೆ ಸರಿಸಿ. ಹೊಟ್ಟು ಬರುವ ಕಿಂಡಿ ಎಡಕ್ಕೋ ಬಲಕ್ಕೋ, ಆಗಲೇ ಕೊರೆದ ಜಾಗದ ಕಡೆಗಿರಲಿ, ಫೆನ್ಸ್ ಕಡೆಗೆ ಬೇಡ. ತೂತಿನ ಕ್ರಮ ಮೊದಲಿನಂತೆಯೇ. ತುದಿಗಳು ಮೊದಲು, ಆಮೇಲೆ ನಡುವೆ ಉಳಿಯ ಅಗಲಕ್ಕಿಂತ ಕೊಂಚ ಕಮ್ಮಿ ಮರ ಬಿಟ್ಟು ಬಿಟ್ಟು ಕೊರೆಯಿರಿ, ಕೊನೆಗೆ ಉಳಿದ ಮರ ತೆಗೆಯಿರಿ. ಅರ್ಧ ಉಳಿ ಮರದಲ್ಲಿ, ಅರ್ಧ ಗಾಳಿಯಲ್ಲಿ ಇದ್ದರೆ ಅದು ಗಾಳಿಯ ಕಡೆಗೇ ಬಾಗುತ್ತದೆ. ಮೇಲೆತ್ತುವಾಗ ಉಳಿ ಮರವನ್ನೂ ಹಿಡಿದೆತ್ತುತ್ತದೆ, ಹಾಗಾಗಿ ಮರ ಒತ್ತಿಹಿಡಿಯುವ ತೋಳು ಮರಕ್ಕೆ ಸಂದಿಲ್ಲದೆ ತಾಗಿರಲಿ. ಪೆಟ್ಟಿಗೆಯಿಂದ ಬಂದ ಉಳಿ ಹರಿತ ಇರುತ್ತದೆ ಅಂದುಕೊಳ್ಳಬೇಡಿ. ಒಳಬದಿಯನ್ನು ಕೋನಾಕಾರದ ಸಾಣೆಯಲ್ಲಿ ತೀಡಿ, ಹೊರಮುಖಗಳನ್ನು ನುಣುಪು ಕಲ್ಲಿನ ಮೇಲೆ ಸುಮ್ನೆ ಒಂದೆರಡು ಸಲ ಎಳೆಯಿರಿ. ಹೊರಗೆ ಜಾಸ್ತಿ ಉಜ್ಜಿದರೆ ಉಳಿಯ ಅಳತೆಯೇ ಕಮ್ಮಿಯಾಗುತ್ತದೆ.

ಮುಂದೆ ಕುರ್ಚಿಗಳ ಸೆಟ್ಟು, ಬಾಗಿಲುಗಳು ಅಂತ ಹತ್ತಾರು ಮಾರ್ಟಿಸ್ ಒಟ್ಟಿಗೆ ಮಾಡುವುದಿದ್ದರೆ ಅಟ್ಯಾಚ್‌ಮೆಂಟ್ ಉಪಯೋಗಕ್ಕೆ ಬರುತ್ತದೆ. ಹಾಕಿ ತೆಗೆಯುವುದೇ ಒಂದು ಕೆಲಸ, ಹಾಗಾಗಿ ಒಮ್ಮೆ ಹಾಕಿದರೆ ಎಲ್ಲ ಮುಗಿಸಿಯೇ ತೆಗೆಯಬೇಕು. ತಗೊಳ್ಳುವ ಮೊದಲು ನಿಮ್ಮ ಯಂತ್ರದ ಕ್ವಿಲ್, ಅಂದರೆ ಚಕ್‌ನ ಮೇಲೆ ಹಿಡಿ ಎಳೆದಾಗ ಇಳಿದು ಬರುವ ಕೊಳವೆ, ಅದರ ಹೊರ ಅಳತೆಯನ್ನು ಕ್ಯಾಲಿಪರ್‌ನಲ್ಲಿ ನೋಡಿಕೊಳ್ಳಿ. ಅಟ್ಯಾಚ್‌ಮೆಂಟ್ ಕಚ್ಚಿಕೊಳ್ಳುವುದು ಅದಕ್ಕೇ, ಎಲ್ಲ ಯಂತ್ರಕ್ಕೂ ಒಂದೇ ಅಳತೆ ಇರುವುದಿಲ್ಲ. ಕ್ವಿಲ್ ಎಷ್ಟು ಇಳಿಯುತ್ತದೆ ಅನ್ನುವುದನ್ನೂ ಅಳೆಯಿರಿ. ಉಳಿ ಹಾಕಿದ ಮೇಲೆ ಮರ ಇಡಲು ಟೇಬಲ್ ಮೇಲೆ ಎಷ್ಟು ಜಾಗ ಉಳಿಯುತ್ತದೆ ಅನ್ನುವುದನ್ನೂ ನೋಡಿ. ಚಿಕ್ಕ ಯಂತ್ರಗಳಲ್ಲಿ ಹೆಚ್ಚಾಗಿ ಅಲ್ಲೇ ಸಾಲದೆ ಬರುತ್ತದೆ.